ವಿಶ್ವಸಭೆಯಲ್ಲಿ ನಮ್ಮ ನಾಡಿನ ಬೆನಗಲ್ ನರಸಿಂಗ ರಾಯರು



ನಮ್ಮ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಸಂಚಿಕೆ ಸಮಿತಿಯವರು ಹೇಳಿದಾಗ ನಾವು ಹಿಂದೇಟು ಹಾಕಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು ನಾವು. ನಡಾವಳಿ ಪುಸ್ತಕಕ್ಕೆ ರುಜು ಹಾಕಿ ಗೊತ್ತೇ ಹೊರತು ಲೇಖನ ಬರೆದು ಗೊತ್ತಿಲ್ಲ. ಆದರೂ ಬಿಡಲಿಲ್ಲ. ಸಂಘದ ಚರಿತ್ರೆ ಕಾರ್ಯದರ್ಶಿಗಳು ಬರೀತಾರೆ, ಹಸು ಸಾಕಣೆ ಬಗ್ಗೆ ಡಾಕ್ಟರು ಬರೀತಾರೆ, ನೀವು ಯಾರಾದರೂ ಮಹನೀಯರ ಜೀವನ ಬರೀರಿ ಅಂದರು. ಗಾಂಧೀಜಿ, ಬಸವಣ್ಣ, ಸರ್ ಎಂ. ವಿಶ್ವೇಶ್ವರಯ್ಯ ಇವರ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರು ಹಾರನಹಳ್ಳಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ದೆಹಲಿಯಲ್ಲೂ ವಿದೇಶದಲ್ಲೂ ದೊಡ್ಡ ಹೆಸರಾಗಿ, ಹಳ್ಳಿಗಳ ಕಡೆ ಮಾತ್ರ ಅಷ್ಟಾಗಿ ಕೇಳಿಬರದ ಒಬ್ಬ ಕರ್ನಾಟಕದವರ ಬಗ್ಗೆ ಬರೆಯೋಣ ಅಂತ ತೀರ್ಮಾನ ಮಾಡಿದೆವು. ಅವರೇ ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾಯರು. ಸರ್ ಬಿ.ಎನ್. ರಾವ್ ಎಂದು ಪುಸ್ತಕಗಳಲ್ಲಿ ಬರುತ್ತದೆ.

ಸಹಕಾರ ಸಂಘದ ಪುಸ್ತಕದಲ್ಲಿ ಇವರಿಗೇನು ಕೆಲಸ ಅಂತ ಕೆಲವರು ಕೇಳಬಹುದು. ಅದಕ್ಕೆ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸಂಘದಲ್ಲಿ ಐನೂರು ತೆಂಗಿನ ಮರ ಇರುವ ಸದಸ್ಯರಿಗೂ ಒಂದೇ ಓಟು, ಒಂದು ಹಸು ಕಟ್ಟಿಕೊಂಡು ದಿನಕ್ಕೆ ಮೂರು ಲೀಟರ್ ಹಾಲು ಹಾಕುವ ತಾಯಿಗೂ ಒಂದೇ ಓಟು. ಷೇರು ಎಷ್ಟೇ ಇರಲಿ, ಕೈ ಎತ್ತುವಾಗ ಎಲ್ಲರೂ ಒಂದೇ. ಇದೇ ರೀತಿ ಪ್ರಪಂಚದ ದೇಶಗಳೂ ಒಂದು ಸಂಘ ಕಟ್ಟಿಕೊಂಡಿವೆ, ಅದೇ ವಿಶ್ವಸಂಸ್ಥೆ. 1945ರಲ್ಲಿ ಶುರುವಾದಾಗ 51 ಸದಸ್ಯ ದೇಶಗಳಿದ್ದವು, 1950ರ ಕೊನೆಗೆ 60 ಆದವು, ಈಗ 193 ಇವೆ. ಅಲ್ಲಿಯೂ ಮಹಾಸಭೆ ಉಂಟು, ದೇಶ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಓಟು. ಆಡಳಿತ ಮಂಡಳಿ ಇದ್ದ ಹಾಗೆ ಭದ್ರತಾ ಮಂಡಳಿ ಅಂತಲೂ ಉಂಟು. ಆಗ ಅದರಲ್ಲಿ 11 ದೇಶಗಳು. ಆರು ದೇಶಗಳು ಎರಡು ವರ್ಷಕ್ಕೆ ಚುನಾಯಿತರಾಗಿ ಬಂದು ಹೋಗುವವು. ಉಳಿದ ಐದು, ಅಂದರೆ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ, ಇವರು ಚುನಾವಣೆಯೇ ಇಲ್ಲದ ಕಾಯಂ ಡೈರೆಕ್ಟರುಗಳು. ಇವರಲ್ಲಿ ಒಬ್ಬರು ಬೇಡ ಅಂದರೆ ಮುಖ್ಯವಾದ ಯಾವ ತೀರ್ಮಾನವೂ ಆಗುವಂತಿಲ್ಲ. ಇಂಥ ಬೈಲಾ ನಮ್ಮ ಸಂಘದಲ್ಲಿ ತಂದಿದ್ದರೆ ನಾವು ಯಾರೂ ಸುಮ್ಮನೆ ಇರ್ತಿರಲಿಲ್ಲ ಬಿಡಿ.

ಇಂಥ ಸಭೆಗೆ ಆಗ ತಾನೇ ಸ್ವಾತಂತ್ರ್ಯ ಪಡೆದ, ಕೈಯಲ್ಲಿ ಕಾಸಿಲ್ಲದ, ಕಣಜದಲ್ಲಿ ಕಾಳಿಲ್ಲದ ದೇಶದ ಪರವಾಗಿ ಹೋಗಿ ಕೂತವರು ನರಸಿಂಗ ರಾಯರು. ಸಾಲ ಕೊಡುವ ದೊಡ್ಡವರ ಎದುರಿಗೆ ಚಿಕ್ಕ ಸದಸ್ಯ ಹೇಗೆ ಓಟು ಹಾಕಬೇಕು ಎನ್ನುವುದು ನಮಗೆಲ್ಲ ಗೊತ್ತಿರುವ ಕಷ್ಟವೇ. ಆ ಕಷ್ಟ ಇಡೀ ದೇಶಕ್ಕೆ ಬಂದಾಗ ಏನಾಯಿತು ಎನ್ನುವುದೇ ಈ ಲೇಖನದ ವಿಚಾರ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡ ಸೀಮೆಯಲ್ಲಿ. ಆಗ ಆ ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ಮದ್ರಾಸು ಪ್ರಾಂತ್ಯದಲ್ಲಿತ್ತು. ಮನೆಮಾತು ಕೊಂಕಣಿ. ತಂದೆ ರಾಘವೇಂದ್ರ ರಾಯರು ಡಾಕ್ಟರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದ್ರಾಸು ಪ್ರಾಂತ್ಯಕ್ಕೇ ಮೊದಲಿಗರಾಗಿ ಪಾಸಾದರು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್. ಸಂಸ್ಕೃತಕ್ಕೂ ಸೈ, ಗಣಿತಕ್ಕೂ ಸೈ. ಕೇಂಬ್ರಿಜ್‌ನಲ್ಲಿ ಇವರು ಓದುತ್ತಿದ್ದ ಟ್ರಿನಿಟಿ ಕಾಲೇಜಿನಲ್ಲೇ ಆಗ ಜವಾಹರಲಾಲ್ ನೆಹರೂ ಸಹ ಓದುತ್ತಿದ್ದರು. ನಂತರ ಐ.ಸಿ.ಎಸ್. ಪಾಸು ಮಾಡಿ ಬಂಗಾಳದ ಕಡೆ ಅಧಿಕಾರಿಯಾಗಿ ಹೋದರು.

ಮನೆಯಲ್ಲಿ ಇವರೊಬ್ಬರೇ ಅಲ್ಲ. ಒಬ್ಬ ತಮ್ಮ ಬಿ. ಶಿವರಾವ್ ಹೆಸರಾಂತ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಇನ್ನೊಬ್ಬ ತಮ್ಮ ಬೆನಗಲ್ ರಾಮರಾವ್ 1949ರಿಂದ 1957ರ ತನಕ ರಿಸರ್ವ್ ಬ್ಯಾಂಕಿನ ಗವರ್ನರು. ಈ ರಾಮರಾಯರ ವಿಚಾರ ಸಹಕಾರಿಗಳಾದ ನಾವು ಒಂದು ನಿಮಿಷ ನಿಂತು ಓದಬೇಕು. ಅವರ ಕಾಲದಲ್ಲೇ ರಿಸರ್ವ್ ಬ್ಯಾಂಕು ದೇಶದ ಹಳ್ಳಿಗಳ ಸಾಲದ ಸರ್ವೆ ಮಾಡಿಸಿತು. 1954ರಲ್ಲಿ ಹೊರಬಂದ ಆ ವರದಿ ಪ್ರಕಾರ ರೈತ ತರುತ್ತಿದ್ದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬರುತ್ತಿದ್ದದ್ದು ಮೂರು ರೂಪಾಯಿ ಚಿಲ್ಲರೆ, ಲೇವಾದೇವಿಯವರಿಂದ ಎಪ್ಪತ್ತು ರೂಪಾಯಿಯ ಹತ್ತಿರ ಹತ್ತಿರ. ಸಹಕಾರ ಸಂಘಗಳಿಗೆ ಸರ್ಕಾರವೂ ಷೇರು ಹಾಕಿ ಬಲ ಕೊಡಬೇಕು ಎಂಬ ನೀತಿ ಆ ವರದಿಯಿಂದ ಬಂತು. ಅಣ್ಣನ ಕಥೆ ಬಿಟ್ಟು ತಮ್ಮನ ಕಥೆ ಹೇಳಿದೆವು ಅಂತ ಬೇಜಾರು ಮಾಡ್ಕೋಬೇಡಿ, ನಮ್ಮ ಸಂಘಗಳ ಬೇರು ಅಲ್ಲೂ ಇದೆ ಅಂತ ಹೇಳಿದ್ದು.

ನರಸಿಂಗ ರಾಯರು ಬಂಗಾಳ, ಅಸ್ಸಾಂ ಕಡೆ ಬಹಳ ವರ್ಷ ದುಡಿದರು. ಕಾನೂನು ಬರೆಯುವುದರಲ್ಲಿ ಅವರ ಕೈ ಪಳಗಿತ್ತು. 1935ರ ಕಾಯ್ದೆ ಬಂದ ಮೇಲೆ ದೇಶದ ಎಲ್ಲಾ ಕಾನೂನು ಪುಸ್ತಕಗಳನ್ನು ಹೊಸದಕ್ಕೆ ಹೊಂದಿಸುವ ಕೆಲಸ ಇವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ಜಡ್ಜಿ ಸ್ಥಾನ. ಹಿಂದೂ ಕಾನೂನು ತಿದ್ದುವ ಸಮಿತಿಗೂ ಇವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಬೇಕು ಎಂಬ ಮಾತು ಆ ಸಮಿತಿಯಿಂದ ಗಟ್ಟಿಯಾಗಿ ಬಂತು. 1944-45ರಲ್ಲಿ ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದರು. ಮಹಾರಾಜರ ಜೊತೆ ಹೊಂದಲಿಲ್ಲ, ಬಿಟ್ಟು ಬಂದರು.

ಇದರ ನಡುವೆ ರೈತರಾದವರು ಗಮನಿಸಬೇಕಾದ ಒಂದು ಕೆಲಸ ಮಾಡಿದರು. ಪಂಜಾಬಿನವರು ಮೇಲ್ಭಾಗದಲ್ಲಿ ಸಿಂಧೂವಿನ ಉಪನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ ಕೆಳಗಿನ ಸಿಂಧ್ ಪ್ರಾಂತ್ಯದವರು ತಮ್ಮ ನಾಲೆಗಳು ಒಣಗುತ್ತವೆ ಅಂತ ದೂರು ಕೊಟ್ಟರು. 1941ರಲ್ಲಿ ಆ ತಗಾದೆ ತೀರ್ಮಾನಿಸಲು ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರು. 1942ರಲ್ಲಿ ವರದಿ ಕೊಟ್ಟರು. ನದಿ ನನ್ನ ನೆಲದಲ್ಲಿ ಹರಿಯುತ್ತದೆ, ಅದಕ್ಕೇ ನೀರೆಲ್ಲ ನನ್ನದು ಅಂತ ಮೇಲಿನವನು ಹೇಳುವ ಹಾಗಿಲ್ಲ, ಎಲ್ಲರ ಅಗತ್ಯ ನೋಡಿ ನ್ಯಾಯವಾಗಿ ಹಂಚಿಕೊಳ್ಳಬೇಕು, ಆದಷ್ಟೂ ಕೂತು ಮಾತಾಡಿ ಒಪ್ಪಂದಕ್ಕೆ ಬರಬೇಕು ಎನ್ನುವುದು ಅದರ ಸಾರ. ಹೇಮಾವತಿ, ಕಾವೇರಿ ನೀರಿನ ಜಗಳ ನೋಡುತ್ತಾ ಬೆಳೆದ ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು, ಕೆಳಗಿನವರು ಇಬ್ಬರ ಮಾತನ್ನೂ ಕೇಳಿ ನಡುವೆ ದಾರಿ ಹುಡುಕುವ ಈ ಅಭ್ಯಾಸವೇ ಮುಂದೆ ವಿಶ್ವಸಂಸ್ಥೆಯಲ್ಲಿ ಅವರ ಕೈ ಹಿಡಿಯಿತು ಅಂತ ನಮ್ಮ ಅನಿಸಿಕೆ.

1946ರಲ್ಲಿ ಸಂವಿಧಾನ ಸಭೆಗೆ ರಾಯರು ಸಂವಿಧಾನ ಸಲಹೆಗಾರರಾಗಿ ಬಂದರು. ಸಂಬಳ ತೆಗೆದುಕೊಳ್ಳಲಿಲ್ಲ, ಗೌರವ ಸೇವೆ. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಓದಿ ಸದಸ್ಯರಿಗೆ ಅರ್ಥವಾಗುವಂತೆ ಟಿಪ್ಪಣಿ ಮಾಡಿ ಕೊಟ್ಟರು. 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡು ತಯಾರಾಯಿತು. ಆಮೇಲೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರು, ರಾಜಕಾರಣಿಗಳ ಜೊತೆ ಚರ್ಚಿಸಿ ಬಂದರು. ಆ ಕರಡನ್ನು ಮುಂದಿಟ್ಟುಕೊಂಡು ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಕೂತು, ತಿದ್ದಿ, ಬದಲಿಸಿ, ಹೊಸದು ಸೇರಿಸಿ, ಸಭೆಯಲ್ಲಿ ಒಂದೊಂದು ಕಲಮಿಗೂ ವಾದ ಮಾಡಿ ಪಾಸು ಮಾಡಿಸಿತು. ಇತ್ತೀಚೆಗೆ ಕೆಲವರು ರಾಯರ ಹೆಸರನ್ನು ಹಿಡಿದುಕೊಂಡು ಬಾಬಾಸಾಹೇಬರನ್ನು ಸಣ್ಣವರನ್ನಾಗಿ ಮಾಡಲು ನೋಡುತ್ತಾರೆ. ಇದು ಸರಿಯಲ್ಲ. ಅಂಬೇಡ್ಕರರೇ 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಈ ಕೀರ್ತಿಯ ಒಂದು ಪಾಲು ರಾಯರಿಗೆ ಸಲ್ಲಬೇಕು ಎಂದು ಹೇಳಿದ್ದಾರೆ. ಅವರೇ ಹಂಚಿ ಕೊಟ್ಟ ಪಾಲನ್ನು ನಾವು ಕಿತ್ತಾಡಿಕೊಂಡು ಹಾಳು ಮಾಡಬಾರದು.

ಅದೇ 1947ರಲ್ಲಿ ಪಕ್ಕದ ಬರ್ಮಾ ದೇಶವೂ ಸ್ವಾತಂತ್ರ್ಯಕ್ಕೆ ಸಿದ್ಧವಾಗುತ್ತಿತ್ತು. ಅಲ್ಲಿನ ಸಂವಿಧಾನ ಸಲಹೆಗಾರ ಊ ಚಾನ್ ಟೂನ್ ದೆಹಲಿಗೆ ಬಂದು ರಾಯರ ಜೊತೆ ಕೂತು ತಮ್ಮ ದೇಶದ ಕರಡಿನ ಕೆಲಸ ಮಾಡಿದರು. ಸೆಪ್ಟೆಂಬರ್ 24ರಂದು ಬರ್ಮಾದ ಸಭೆ ಅದನ್ನು ಅಂಗೀಕರಿಸಿತು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ಒಬ್ಬರೇ ಮನುಷ್ಯ ಎರಡು ಹೊಸ ದೇಶಗಳ ಸಂವಿಧಾನಕ್ಕೆ ಕೈಗೂಡಿಸಿದ್ದು ಸಣ್ಣ ಮಾತಲ್ಲ. ಬರ್ಮಾದ ಹೆಸರನ್ನು ನೆನಪಿಟ್ಟುಕೊಂಡಿರಿ, ಮುಂದೆ ಬರುತ್ತದೆ.

ಈಗ ವಿಶ್ವಸಂಸ್ಥೆಗೆ ಬರೋಣ. ಭಾರತ 1945ರಲ್ಲೇ ಅದರ ಸದಸ್ಯ ದೇಶ. ಆಗ ಇನ್ನೂ ಬ್ರಿಟಿಷರ ಆಳ್ವಿಕೆ. ಅಂದು ಭಾರತದ ಪರವಾಗಿ ರುಜು ಹಾಕಿದವರಲ್ಲಿ ಒಬ್ಬರು ಸರ್ ರಾಮಸ್ವಾಮಿ ಮುದಲಿಯಾರ್. ಮಾರನೇ ವರ್ಷ ಅವರೇ ನಮ್ಮ ಮೈಸೂರು ಸಂಸ್ಥಾನಕ್ಕೆ ದಿವಾನರಾಗಿ ಬಂದರು. ಬೇರೆಯವರ ಕೈಕೆಳಗಿದ್ದುಕೊಂಡು ಸದಸ್ಯನಾಗುವುದಕ್ಕೂ ಸ್ವಂತ ಬುದ್ಧಿಯಿಂದ ಓಟು ಹಾಕುವುದಕ್ಕೂ ವ್ಯತ್ಯಾಸ ಇದೆ. ಆ ಪರೀಕ್ಷೆ ಬಂದದ್ದು 1950ರಲ್ಲಿ. ಆ ವರ್ಷ ಜನವರಿಯಿಂದ ಭಾರತ ಎರಡು ವರ್ಷಕ್ಕೆ ಭದ್ರತಾ ಮಂಡಳಿಗೆ ಆಯ್ಕೆಯಾಗಿತ್ತು. ಆ ಕುರ್ಚಿಯಲ್ಲಿ ರಾಯರು ಕೂತರು. ಅಲ್ಲಿ ಅಧ್ಯಕ್ಷ ಸ್ಥಾನ ತಿಂಗಳಿಗೆ ಒಬ್ಬರಂತೆ ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲಿ ಬರುತ್ತದೆ. ಜೂನ್ ತಿಂಗಳ ಸರದಿ ಭಾರತದ್ದು.

ಆ ಜೂನ್ 25, ಭಾನುವಾರ, ಕೊರಿಯಾದಲ್ಲಿ ಯುದ್ಧ ಹತ್ತಿಕೊಂಡಿತು. ಕೊರಿಯಾ ಎರಡು ಭಾಗವಾಗಿತ್ತು. 38ನೇ ಅಕ್ಷಾಂಶದ ಗೆರೆಯಿಂದ ಮೇಲೆ ಉತ್ತರ, ರಷ್ಯಾ ಕಡೆಯದು. ಕೆಳಗೆ ದಕ್ಷಿಣ, ಅಮೆರಿಕ ಕಡೆಯದು. ಉತ್ತರದ ಸೈನ್ಯ ಗೆರೆ ದಾಟಿ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ನ್ಯೂಯಾರ್ಕಿನ ಹತ್ತಿರ ಲೇಕ್ ಸಕ್ಸೆಸ್‌ನಲ್ಲಿ ತುರ್ತು ಸಭೆ. ಅಧ್ಯಕ್ಷರ ಕುರ್ಚಿಯಲ್ಲಿ ಮಂಗಳೂರಿನ ರಾಯರು! ರಷ್ಯಾದವರು ಸಭೆಗೆ ಬಂದಿರಲಿಲ್ಲ. ಚೀನಾದಲ್ಲಿ ಮಾವೋ ಸರ್ಕಾರ ಬಂದಿದ್ದರೂ ಚೀನಾದ ಕುರ್ಚಿಯಲ್ಲಿ ತೈವಾನಿಗೆ ಓಡಿಹೋದ ಹಳೇ ಸರ್ಕಾರದವರನ್ನೇ ಕೂರಿಸಿದ್ದಾರೆ ಅಂತ ಸಿಟ್ಟು ಮಾಡಿಕೊಂಡು ಜನವರಿಯಿಂದಲೇ ಹೊರಗಿದ್ದರು. ಉತ್ತರದವರು ಹಿಂದಕ್ಕೆ ಹೋಗಬೇಕು ಎಂಬ ನಿರ್ಣಯಕ್ಕೆ ಒಂಬತ್ತು ಓಟು ಬಿತ್ತು. ಭಾರತದ ಓಟೂ ಅದರಲ್ಲಿತ್ತು. ಯುಗೊಸ್ಲಾವಿಯಾ ಮಾತ್ರ ತಟಸ್ಥ. ಬೇಲಿ ಮುರಿದವನದು ತಪ್ಪು ಎನ್ನುವುದಕ್ಕೆ ರಾಯರಿಗೆ ಅನುಮಾನ ಇರಲಿಲ್ಲ.

ಎರಡು ದಿನ ಬಿಟ್ಟು, 27ಕ್ಕೆ, ದಕ್ಷಿಣ ಕೊರಿಯಾಕ್ಕೆ ಸೈನ್ಯದ ನೆರವು ಕೊಡಬೇಕು ಎಂಬ ಎರಡನೇ ನಿರ್ಣಯ ಬಂತು. ಇದು ಬರೀ ತಪ್ಪು ಅನ್ನುವ ಮಾತಲ್ಲ, ಕೋವಿ ಹಿಡಿಯುವ ಮಾತು. ದೆಹಲಿಯಿಂದ ರಾಯರಿಗೆ ಸೂಚನೆ ಬಂದಿರಲಿಲ್ಲ. ಈಗಿನ ಹಾಗೆ ಜೇಬಿನಿಂದ ಫೋನು ತೆಗೆದು ಕೇಳುವ ಕಾಲವೇ ಅದು? ಕಾಯೋಣ ಅಂದರೆ ದೊಡ್ಡವರಿಗೆ ಅವಸರ. ಅಧ್ಯಕ್ಷರಾಗಿ ಸಭೆ ನಡೆಸಿ, ತಮ್ಮ ದೇಶದ ಓಟು ಬಂದಾಗ ರಾಯರು ಓಟು ಹಾಕದೆ ಉಳಿದರು. ಈಜಿಪ್ಟಿನವರೂ ಸೂಚನೆ ಸಿಗದೆ ಹಾಗೇ ಉಳಿದರು. ಏಳು ಓಟಿನಿಂದ ನಿರ್ಣಯ ಪಾಸಾಯಿತು. ಆಮೇಲೆ ದೆಹಲಿ ಅದನ್ನು ಒಪ್ಪಿಕೊಂಡಿತು. ಆದರೆ ಕಾದಾಡುವ ಸೈನ್ಯ ಕಳಿಸಲಿಲ್ಲ, ಗಾಯಾಳುಗಳನ್ನು ನೋಡಿಕೊಳ್ಳಲು ವೈದ್ಯಕೀಯ ಪಡೆ ಕಳಿಸಿತು. ಜುಲೈ 7ರಂದು ಯುದ್ಧದ ಮುಂದಾಳುತನ ಅಮೆರಿಕಕ್ಕೆ ಒಪ್ಪಿಸುವ ನಿರ್ಣಯ ಬಂದಾಗ ರಾಯರು ತಟಸ್ಥರಾದರು. ಒಂದೇ ಜಗಳದಲ್ಲಿ ಎರಡು ವಾರದೊಳಗೆ ಒಂದು ಸಲ ಹೌದು, ಒಂದು ಸಲ ಸುಮ್ಮನೆ, ಒಂದು ಸಲ ತಟಸ್ಥ. ಗೋಡೆ ಮೇಲಿನ ದೀಪ ಅಂತ ಹೊರಗಿನವರು ಆಡಿಕೊಳ್ಳಬಹುದು. ನಮಗೆ ಹಾಗೆ ಕಾಣಲಿಲ್ಲ. ಸಭೆಯಲ್ಲಿ ಒಬ್ಬರ ಪಕ್ಷ ಹಿಡಿದವನು ಆ ದಿನವೆಲ್ಲ ಅವರ ಕೈ ಎತ್ತಿದಾಗ ಕೈ ಎತ್ತುತ್ತಾನೆ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಯೋಚನೆ ಮಾಡುವವನ ಕೈ ಒಂದು ಸಲ ಏಳುತ್ತದೆ, ಒಂದು ಸಲ ಏಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಮಹಾಸಭೆ ಸೇರಿದಾಗ ಚೀನಾದ ಕುರ್ಚಿಯನ್ನು ಚೀನಾದಲ್ಲಿ ನಿಜವಾಗಿ ಆಳುತ್ತಿರುವವರಿಗೆ ಕೊಡಿ ಎಂದು ಭಾರತ ನಿರ್ಣಯ ಮಂಡಿಸಿತು. 16 ಓಟು ಬಿತ್ತು, ವಿರುದ್ಧ 33. ಸೋತರು. ಅಷ್ಟರಲ್ಲಿ ಯುದ್ಧ ತಿರುಗಿತ್ತು. ಅಮೆರಿಕದ ಸೈನ್ಯ ಉತ್ತರದವರನ್ನು ಅಟ್ಟಿಕೊಂಡು ಗೆರೆಯ ತನಕ ಬಂದಿತ್ತು. ಗೆರೆ ದಾಟಿ ಮೇಲೆ ಬಂದರೆ ಚೀನಾ ಸುಮ್ಮನಿರುವುದಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್ ಲಾಯ್ ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಸರಿರಾತ್ರಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ ತಿಳಿಸಿದರು. ಭಾರತ ಆ ಸುದ್ದಿಯನ್ನು ಮುಟ್ಟಿಸಬೇಕಾದವರಿಗೆ ಮುಟ್ಟಿಸಿತು. ಗೆರೆ ದಾಟಬೇಡಿ ಅಂತ ರಾಯರು ವಿಶ್ವಸಂಸ್ಥೆಯಲ್ಲಿ ಹೇಳಿದರು. ಹೊಸಬರ ಮಾತು ಯಾರು ಕೇಳುತ್ತಾರೆ? ದಾಟಿದರು. ಚೀನಾದ ಸೈನ್ಯ ಲಕ್ಷಗಟ್ಟಲೆ ಇಳಿಯಿತು. ಯುದ್ಧ ಮೊದಲಿಗಿಂತ ದೊಡ್ಡದಾಯಿತು.

ಡಿಸೆಂಬರಿನಲ್ಲಿ ರಾಯರು ಏಷ್ಯಾ ಮತ್ತು ಅರಬ್ ಕಡೆಯ 13 ದೇಶಗಳನ್ನು ಒಟ್ಟು ಸೇರಿಸಿಕೊಂಡು ಕದನ ನಿಲ್ಲಿಸುವ ನಿರ್ಣಯ ತಂದರು. ಬರ್ಮಾ, ಇಂಡೊನೇಷ್ಯಾ, ಈಜಿಪ್ಟ್, ಇರಾನ್ ಎಲ್ಲ ಇದ್ದವು. ಕಾಶ್ಮೀರದ ವಿಚಾರದಲ್ಲಿ ನಮ್ಮ ಜೊತೆ ಅದೇ ಭದ್ರತಾ ಮಂಡಳಿಯಲ್ಲಿ ಜಗಳವಾಡುತ್ತಿದ್ದ ಪಾಕಿಸ್ತಾನ ಸಹ ಈ ನಿರ್ಣಯಕ್ಕೆ ಸೇರಿತ್ತು ಅಂದರೆ ಆಶ್ಚರ್ಯ ಆಗುತ್ತದೆ. ಮಹಾಸಭೆ ಒಪ್ಪಿ ಮೂವರ ಸಮಿತಿ ಮಾಡಿತು. ಇರಾನಿನ ಎಂತೆಜಾಂ, ಕೆನಡಾದ ಪಿಯರ್ಸನ್, ಭಾರತದ ರಾಯರು. ಮೂವರೂ ಒಂದು ತಿಂಗಳು ಓಡಾಡಿದರು. ಜನವರಿಯಲ್ಲಿ ಐದು ಅಂಶದ ಸೂತ್ರ ಕೊಟ್ಟರು. ಚೀನಾ ಒಪ್ಪಲಿಲ್ಲ. ಆಗ ಅಮೆರಿಕ, ಚೀನಾವನ್ನು ಆಕ್ರಮಣಕಾರ ಎಂದು ಸಾರುವ ನಿರ್ಣಯ ಮುಂದಿಟ್ಟಿತು.

ಇಲ್ಲಿ ನಮ್ಮ ದೇಶದ ಆಗಿನ ಹೊಟ್ಟೆಪಾಡು ಹೇಳಲೇಬೇಕು. 1950ರಲ್ಲಿ ಬಿಹಾರ, ಮದ್ರಾಸು ಕಡೆ ಮಳೆ ಇಲ್ಲ, ಅಸ್ಸಾಮಿನಲ್ಲಿ ಭೂಕಂಪ. 1951ರ ಜನವರಿಯಲ್ಲಿ ರೇಷನ್ನನ್ನು ದಿನಕ್ಕೆ 12 ಔನ್ಸಿನಿಂದ 9 ಔನ್ಸಿಗೆ ಇಳಿಸಿದರು. ಅಂದರೆ ಒಬ್ಬರಿಗೆ ದಿನಕ್ಕೆ ಕಾಲು ಕೆ.ಜಿ. ಕಾಳು. ಹೊಲದಲ್ಲಿ ಗೇಯುವವನಿಗೆ ಅದು ಎಲ್ಲಿ ಸಾಕು? ನಮ್ಮ ತಾತ ಆ ವರ್ಷಗಳನ್ನು ಕಂಟ್ರೋಲ್ ಕಾಲ ಅಂತಲೇ ಕರೀತಿದ್ದರು. ಲೆವಿ ಅಧಿಕಾರಿ ಬಂದಾನೆಂದು ರಾಗಿ ಹಗೇವಿನ ಬಾಯಿ ಮುಚ್ಚಿ ಮೇಲೆ ಹುಲ್ಲು ಹರಡುತ್ತಿದ್ದದ್ದು, ಹಬ್ಬಕ್ಕೆ ಅನ್ನ ಮಾಡಿದರೆ ವಾಸನೆ ಬೀದಿಗೆ ಹೋಗದಂತೆ ನೋಡಿಕೊಳ್ಳುತ್ತಿದ್ದದ್ದು, ಇವೆಲ್ಲ ನಾವು ಚಿಕ್ಕವರಿದ್ದಾಗ ಜಗುಲಿ ಮೇಲೆ ಕೂತು ಕೇಳಿದ ಮಾತು.

ಇಂಥ ಹೊತ್ತಿನಲ್ಲಿ, 1950ರ ಡಿಸೆಂಬರಿನಲ್ಲಿ, ಭಾರತ ಅಮೆರಿಕಕ್ಕೆ 20 ಲಕ್ಷ ಟನ್ ಧಾನ್ಯ ಕೇಳಿತ್ತು. ಅರ್ಜಿ ಅವರ ಮೇಜಿನ ಮೇಲಿತ್ತು. ಮೇಜಿನ ಈ ಕಡೆ ಅವರ ನಿರ್ಣಯದ ಮೇಲೆ ನಾವು ಓಟು ಹಾಕಬೇಕಾಗಿತ್ತು.

ನಮಗೆ ಗೊತ್ತಿರುವ ಒಂದು ಪ್ರಸಂಗ ಇದೆ. ಬೇರೆ ಸೀಮೆಯ ಒಂದು ಸಂಘದ ಚುನಾವಣೆ. ಒಬ್ಬ ಬಡ ಸದಸ್ಯರು ಮಗಳ ಮದುವೆಗೆ ಊರಿನ ಸಾಹುಕಾರರ ಹತ್ತಿರ ಸಾಲ ಮಾಡಿದ್ದರು. ಸಾಹುಕಾರರ ಕಡೆಯವರೇ ಚುನಾವಣೆಗೆ ನಿಂತಿದ್ದರು. ಈ ಸದಸ್ಯರು ಎದುರು ಪಕ್ಷದವರೇ ಸರಿ ಅಂತ ಎಲ್ಲರ ಎದುರಿಗೆ ಹೇಳಿಬಿಟ್ಟರು. ಮಾರನೇ ದಿನವೇ ಮನೆ ಬಾಗಿಲಿಗೆ ಪತ್ರ ಹಿಡಿದುಕೊಂಡು ಬಂದರು. ಆ ವರ್ಷ ಆ ಸದಸ್ಯರು ಜೋಡೆತ್ತು ಮಾರಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಇಂಥ ಓಟಿನ ಬೆಲೆ ನಮಗೆ ಗೊತ್ತು.

1951ರ ಫೆಬ್ರವರಿ 1. ಮಹಾಸಭೆಯಲ್ಲಿ 60 ದೇಶಗಳು. ಅಮೆರಿಕದ ನಿರ್ಣಯದ ಪರವಾಗಿ 44. ತಟಸ್ಥ 9. ವಿರುದ್ಧ 7. ಆ ಏಳರಲ್ಲಿ ಐದು ಓಟು ರಷ್ಯಾ ಮತ್ತು ಅದರ ಗುಂಪಿನವು, ಅವು ಹೇಗಿದ್ದರೂ ಅಲ್ಲೇ ಬೀಳುತ್ತಿದ್ದವು. ಉಳಿದ ಎರಡು ಓಟು ಯಾವ ಗುಂಪಿಗೂ ಸೇರದ ದೇಶಗಳದ್ದು. ಒಂದು ಭಾರತ, ಇನ್ನೊಂದು ಬರ್ಮಾ. ಸುಮ್ಮನೆ ತಟಸ್ಥರಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಒಂಬತ್ತು ದೇಶಗಳು ಹಾಗೇ ಮಾಡಿದವು. ಒಬ್ಬನಿಗೆ ಅಪರಾಧಿ ಅಂತ ಹಣೆಪಟ್ಟಿ ಕಟ್ಟಿದ ಮೇಲೆ ಅವನನ್ನು ರಾಜಿಗೆ ಕರೆಯುವುದು ಹೇಗೆ ಎನ್ನುವುದು ರಾಯರ ವಾದದ ತಿರುಳು. ಊರ ಪಂಚಾಯಿತಿ ಮಾಡಿದವರಿಗೆಲ್ಲ ಇದು ಗೊತ್ತು.

ಓಟಿನ ಬಿಸಿ ತಟ್ಟಿತು. ಧಾನ್ಯ ಕೊಡೋಣ ಅಂತ ಅಧ್ಯಕ್ಷ ಟ್ರೂಮನ್ ಫೆಬ್ರವರಿ 12ಕ್ಕೆ ತಮ್ಮ ಸಂಸತ್ತಿಗೆ ಹೇಳಿದರು. ಆದರೆ ಅಲ್ಲಿನ ಕೆಲವು ಸದಸ್ಯರು ನಮ್ಮ ವಿರುದ್ಧ ಓಟು ಹಾಕಿದವರಿಗೆ ಗೋಧಿ ಯಾಕೆ ಅಂತ ಎಳೆದಾಡಿದರು. ತಿಂಗಳುಗಟ್ಟಲೆ ಚರ್ಚೆ. ಕೊನೆಗೆ ಜೂನ್ 15ಕ್ಕೆ ಕಾಯ್ದೆ ಆಯಿತು. ದಾನವಾಗಿ ಬರಬಹುದು ಎಂದಿದ್ದದ್ದು 19 ಕೋಟಿ ಡಾಲರ್ ಸಾಲವಾಗಿ ಬಂತು. ಅಷ್ಟರಲ್ಲಿ ರಷ್ಯಾದಿಂದಲೂ ಚೀನಾದಿಂದಲೂ ಸ್ವಲ್ಪ ಧಾನ್ಯ ಬಂದಿತ್ತು. ಆ ನಾಲ್ಕು ತಿಂಗಳು ಹಸಿದವರು ಹಸಿದೇ ಇದ್ದರು. ಇದನ್ನು ಮುಚ್ಚಿಟ್ಟು ಬರೀ ಶೌರ್ಯದ ಕಥೆ ಹೇಳಿದರೆ ತಪ್ಪಾಗುತ್ತದೆ. ಓಟು ಹಾಕಿದ್ದು ನ್ಯೂಯಾರ್ಕಿನಲ್ಲಿ, ಅದರ ಬಡ್ಡಿ ಕಟ್ಟಿದ್ದು ಬಿಹಾರದ ಹಳ್ಳಿಯವರು. ಹಾಗಾದರೆ ಓಟು ತಪ್ಪಾಯಿತೇ ಅಂತ ನಾವು ಎಷ್ಟೋ ಸಲ ಯೋಚನೆ ಮಾಡಿದ್ದೇವೆ. ಗೋಧಿಗಾಗಿ ಕೈ ಎತ್ತಿದ್ದರೆ ಮುಂದಿನ ವರ್ಷ ಮತ್ತೆ ಗೋಧಿ ಬೇಕಾಗುತ್ತಿತ್ತು, ಮತ್ತೆ ಕೈ ಎತ್ತಬೇಕಾಗುತ್ತಿತ್ತು. ಅದಕ್ಕೆ ಕೊನೆ ಇರುತ್ತಿರಲಿಲ್ಲ. ನಮ್ಮ ಮಟ್ಟಿಗೆ ರಾಯರು ಸರಿ.

ಆ ಮಾರ್ಚಿನಲ್ಲಿ ಕಾಶ್ಮೀರದ ಮೇಲೆ ಬ್ರಿಟನ್, ಅಮೆರಿಕ ಸೇರಿ ನಿರ್ಣಯ ತಂದವು. ಭಾರತಕ್ಕೆ ಒಪ್ಪಿಗೆ ಇಲ್ಲ ಎಂದು ರಾಯರು ಸ್ಪಷ್ಟವಾಗಿ ಹೇಳಿದರೂ ಮಾರ್ಚ್ 30ರಂದು ಎಂಟು ಓಟಿನಿಂದ ಪಾಸಾಯಿತು. ಕೊರಿಯಾದಲ್ಲಿ ಬೇರೆಯವರ ಜಗಳ ಬಿಡಿಸಲು ಹೋದವರಿಗೆ ಸ್ವಂತ ಮನೆಯ ವ್ಯಾಜ್ಯದಲ್ಲಿ ನೆರವಿಗೆ ಬಂದವರು ಕಡಿಮೆ.

ಇನ್ನೊಂದು ಮಾತು. ಹಿರಿಯರು ಕೇಳಿಯೇ ಕೇಳುತ್ತಾರೆ: ಅಷ್ಟೆಲ್ಲ ಚೀನಾ ಪರ ಮಾತಾಡಿ 1962ರಲ್ಲಿ ಸಿಕ್ಕಿದ್ದೇನು ಅಂತ. ನ್ಯಾಯವಾದ ಪ್ರಶ್ನೆ. 1950ರ ನವೆಂಬರಿನಲ್ಲಿ ಟಿಬೆಟ್ಟಿನ ವಿಚಾರ ವಿಶ್ವಸಂಸ್ಥೆಗೆ ಬಂದಾಗ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ ಅದನ್ನು ಎತ್ತಿತು, ಭಾರತದ ನಿಯೋಗ ಮಾತುಕತೆಯಲ್ಲಿ ಬಗೆಹರಿಯಬಹುದು ಎಂದು ಮುಂದಕ್ಕೆ ಹಾಕಿಸಿತು. ಬಗೆಹರಿಯಲಿಲ್ಲ. ಚಳಿಗಾಲದಲ್ಲಿ ಪೇಟೆಯ ರಸ್ತೆ ಬದಿಗೆ ಸ್ವೆಟರ್ ಮಾರುವ ಟಿಬೆಟ್ಟಿನವರನ್ನು, ಬೈಲಕುಪ್ಪೆಯಲ್ಲಿ ನೆಲೆಸಿದವರನ್ನು ನೋಡಿದಾಗ ನಮಗೆ ಆ ಮುಂದೂಡಿಕೆ ಮನಸ್ಸಿಗೆ ಚುಚ್ಚುತ್ತದೆ. ಆದರೆ ಚೀನಾವನ್ನು ಸಭೆಯಿಂದ ಹೊರಗಿಟ್ಟರೆ ಒಳ್ಳೆಯದಾಗುತ್ತಿತ್ತು ಅಂತ ನಾವು ಒಪ್ಪುವುದಿಲ್ಲ. ಊರಲ್ಲಿ ಇರುವವನನ್ನು ಊರ ಸಭೆಗೆ ಸೇರಿಸದೆ ಇಟ್ಟರೆ ಅವನು ಊರು ಬಿಟ್ಟು ಹೋಗುವುದಿಲ್ಲ. ಕೊನೆಗೆ 1971ರಲ್ಲಿ ಆ ಕುರ್ಚಿಯನ್ನು ಕೊಡಲೇಬೇಕಾಯಿತು, ಆಗ ರಾಯರು ಹೋಗಿ ಬಹಳ ವರ್ಷ ಆಗಿತ್ತು.

1952ರಲ್ಲಿ ರಾಯರು ಹಾಲೆಂಡಿನ ಹೇಗ್ ಪಟ್ಟಣದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು. ದೇಶಗಳ ನಡುವಿನ ವ್ಯಾಜ್ಯ ತೀರ್ಮಾನಿಸುವ ಕೋರ್ಟು ಅದು. ಹೆಚ್ಚು ದಿನ ಇರಲಾಗಲಿಲ್ಲ, ಕಾಯಿಲೆ ಬಿದ್ದರು.

1953ರ ಜುಲೈ 27ರಂದು ಕೊರಿಯಾದಲ್ಲಿ ಕದನ ನಿಂತಿತು. ಗೆರೆ ಹೆಚ್ಚು ಕಡಿಮೆ ಮೊದಲು ಇದ್ದಲ್ಲೇ ಬಂದು ನಿಂತಿತ್ತು. ಆದರೆ ತಮ್ಮ ದೇಶಕ್ಕೆ ವಾಪಸು ಹೋಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಉಳಿದುಬಿಟ್ಟರು. ಇವರನ್ನು ಯಾರ ಕೈಗೆ ಒಪ್ಪಿಸುವುದು? ಎರಡೂ ಕಡೆಯವರು ನಂಬುವ ಮೂರನೆಯವರು ಬೇಕಿತ್ತು. ಇದಕ್ಕೆಂದು ಮಾಡಿದ ಐದು ದೇಶಗಳ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಹಿಂದೆ ಯಾರು ಮಾತು ಕೇಳಿರಲಿಲ್ಲವೋ ಅವರೇ ಈಗ ಭಾರತವನ್ನು ಒಪ್ಪಿದರು. ಅಲ್ಲಿಗೆ ಹೋದವರು ನಮ್ಮ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರು. ಕೈದಿಗಳ ಕಾವಲಿಗೆ ನಮ್ಮ ಸೈನಿಕರು ಹೋದರು, ಯುದ್ಧಕ್ಕಲ್ಲ. ಆ ಕೆಲಸ ಮುಗಿದದ್ದು 1954ರ ಫೆಬ್ರವರಿಯಲ್ಲಿ.

ಅದು ಮುಗಿಯುವುದನ್ನು ರಾಯರು ನೋಡಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಅವರು ಬರೆದಿಟ್ಟ ಟಿಪ್ಪಣಿಗಳನ್ನು ತಮ್ಮ ಶಿವರಾಯರು 1960ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರತಂದರು.